ಅರ್ಧಕ್ಕೆ ನಿಂತ ನಾಟಿ

ಫೋನು, ಟಿವಿ, ವೈ-ಫೈ ರೌಟರ್, ಯಾವುದನ್ನೇ ಅಪ್‌ಡೇಟ್ ಮಾಡಲು ಹೊರಟರೂ ಪರದೆಯ ಮೇಲೆ ಒಂದು ಎಚ್ಚರಿಕೆ ಮೂಡುತ್ತದೆ: ಕೆಲಸ ಮುಗಿಯುವವರೆಗೆ ಆಫ್ ಮಾಡಬೇಡಿ. ನಾವೆಲ್ಲ ಅದನ್ನು ನೂರು ಸಲ ಓದಿ, ಒಪ್ಪಿ, ಮುಂದೆ ಹೋಗಿದ್ದೇವೆ. ಆಫ್ ಆದರೆ ಏನಾಗುತ್ತದೆ ಎಂದು ಕೇಳಿದವರು ಕಡಿಮೆ. ಸಿನಿಮಾ ಅರ್ಧಕ್ಕೆ ನಿಂತರೆ ನಿಂತಲ್ಲಿಂದಲೇ ಮತ್ತೆ ನೋಡಬಹುದು. ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಮತ್ತೆ ಶುರು ಮಾಡಬಹುದು. ಅಪ್‌ಡೇಟ್ ಒಂದಕ್ಕೆ ಮಾತ್ರ ಈ ಭಯ ಯಾಕೆ?

ಭಯಕ್ಕೆ ಕಾರಣವಿದೆ ಎಂಬುದು ವೈರ್‌ಲೆಸ್ ಗೇಮ್ ಕಂಟ್ರೋಲರ್ ಇಟ್ಟುಕೊಂಡ ಹುಡುಗರಿಗೆ ಬೇಗ ತಿಳಿಯುತ್ತದೆ. ಎರಡು ವರ್ಷ ಸರಿಯಾಗಿ ಆಡಿಸಿದ ಕಂಟ್ರೋಲರ್ ಅದು. ಕೈಜಾರಿ ಬಿದ್ದಿಲ್ಲ, ನೀರು ತಾಗಿಲ್ಲ. ಹೊಸ ಅಪ್‌ಡೇಟ್ ಬಂದಿದೆ ಎಂದು ಆ್ಯಪ್ ಹೇಳಿತು, ಹಾಕಲು ಹೊರಟರು, ನಡುವೆ ಸಂಪರ್ಕ ಕಡಿಯಿತು. ಅಷ್ಟೇ. ದೀಪ ಹತ್ತುವುದಿಲ್ಲ, ಬಟನ್ ಒತ್ತಿದರೆ ಅಲುಗಾಟವಿಲ್ಲ, ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಹೆಸರಿಲ್ಲ. ರಾಯಚೂರಿನಲ್ಲಿ ತೀನ್ ಕಂದೀಲ್ ಕಡೆಯ ಯಾವುದಾದರೂ ಮೊಬೈಲ್ ಅಂಗಡಿಗೆ ಅದನ್ನು ಒಯ್ದರೆ ಬರುವ ಉತ್ತರ ಸಾಮಾನ್ಯವಾಗಿ ಎರಡೇ: ‘ಡೆಡ್ ಆಗ್ಯಾದ್ರೀ’, ಇಲ್ಲವೇ ‘ಸಾಫ್ಟ್‌ವೇರ್ ಹೋಗ್ಯಾದ್ರೀ’. ಇವೆರಡೂ ಒಂದೇ ಎಂದು ನಾವು ತಿಳಿಯುತ್ತೇವೆ. ನಿಜದಲ್ಲಿ ಇವುಗಳ ನಡುವೆ ಬಹಳ ಅಂತರವಿದೆ. ಎರಡನೆಯ ಉತ್ತರ ಸರಿಯಾಗಿದ್ದರೆ ಆ ಕಂಟ್ರೋಲರ್ ಬಹುತೇಕ ಸಲ ಮನೆಯಲ್ಲೇ ಎದ್ದು ಕೂರುತ್ತದೆ. ದೊಡ್ಡ ಕಂಪನಿಗಳ ಸರ್ವಿಸ್ ಸೆಂಟರ್ ಹುಡುಕಿಕೊಂಡು ರಾಯಚೂರಿನಿಂದಲೇ ಸುಮಾರು 200 ಕಿಲೋಮೀಟರ್ ದೂರದ ಹೈದರಾಬಾದಿಗೋ, ಅದರ ಎರಡು ಪಟ್ಟು ದೂರದ ಬೆಂಗಳೂರಿಗೋ ಹೋಗಬೇಕಾದ ದೇವದುರ್ಗ, ಮಾನ್ವಿಯ ಮಕ್ಕಳಿಗೆ ಈ ವಿಷಯ ಗೊತ್ತಿರಲೇಬೇಕು ಅನ್ನುವುದು ನನ್ನ ಆಸೆ.

ಬಟನ್ ಒತ್ತಿದಾಗ

ಕಂಟ್ರೋಲರಿನ ಕಡ್ಡಿಯನ್ನು ಎಡಕ್ಕೆ ವಾಲಿಸಿದಿರಿ ಅನ್ನಿ. ಅದರ ಬುಡದಲ್ಲಿರುವ ಪುಟ್ಟ ಭಾಗವೊಂದು ತಿರುಗಿ ಅಲ್ಲಿನ ವಿದ್ಯುತ್ತಿನ ಒತ್ತಡ ಸ್ವಲ್ಪ ಬದಲಾಗುತ್ತದೆ. ಒಳಗಿರುವ ಉಗುರಿಗಿಂತ ಚಿಕ್ಕ ಚಿಪ್ ಆ ಒತ್ತಡವನ್ನು ಅಳೆದು ಸಂಖ್ಯೆ ಮಾಡುತ್ತದೆ, ಒತ್ತಿದ ಬಟನ್‌ಗಳ ಲೆಕ್ಕ ಅದಕ್ಕೆ ಸೇರಿಸುತ್ತದೆ, ಎಲ್ಲವನ್ನೂ ಒಂದು ಪುಟ್ಟ ಸಂದೇಶವಾಗಿ ಕಟ್ಟಿ 2.4 ಗಿಗಾಹರ್ಟ್ಸ್ ರೇಡಿಯೊ ಅಲೆಯಲ್ಲಿ ಕಳಿಸುತ್ತದೆ. ಒಂದು ಸೆಕೆಂಡಿನಲ್ಲಿ ಇದೆಲ್ಲ ಹತ್ತಾರು ಸಲ, ಕೆಲವುಗಳಲ್ಲಿ ನೂರಾರು ಸಲ ನಡೆಯುತ್ತದೆ.

ಚಿಪ್‌ಗೆ ಇದನ್ನೆಲ್ಲ ಮಾಡಲು ಯಾರು ಹೇಳಿದರು? ಅದರೊಳಗೆ ಬರೆದಿಟ್ಟ ಸೂಚನೆಗಳ ಸಾಲು. ಇದಕ್ಕೆ ಫರ್ಮ್‌ವೇರ್ ಅನ್ನುತ್ತಾರೆ. ನಾವು ಒಳಬರಹ ಎನ್ನೋಣ. ಕಡ್ಡಿ, ಬಟನ್, ಬ್ಯಾಟರಿ, ರೇಡಿಯೊ ಎಲ್ಲ ಗಟ್ಟಿಯಾಗಿದ್ದರೂ ಒಳಬರಹ ಇಲ್ಲದಿದ್ದರೆ ಅವಕ್ಕೆ ಒಂದರ ಪರಿಚಯ ಇನ್ನೊಂದಕ್ಕಿಲ್ಲ. ಚಾರ್ಜ್ ಆಗುವಾಗ ಹತ್ತುವ ದೀಪ ಕೂಡ ಹಲವು ಕಂಟ್ರೋಲರ್‌ಗಳಲ್ಲಿ ಒಳಬರಹ ಹೇಳಿದರೇ ಹತ್ತುವುದು. ಆದ್ದರಿಂದಲೇ ಒಳಬರಹ ಕೆಟ್ಟ ಕಂಟ್ರೋಲರ್ ಸುಟ್ಟುಹೋದದ್ದರಂತೆಯೇ ಕಾಣುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಇಂಥ ಸಾಧನಗಳಲ್ಲಿ ಹೆಚ್ಚಾಗಿ ಬಳಸುವ ಆರ್ಮ್ ಕಾರ್ಟೆಕ್ಸ್-ಎಂ ಜಾತಿಯ ಚಿಪ್‌ಗಳು ವಿದ್ಯುತ್ ಬಂದ ಕೂಡಲೇ ಮಾಡುವ ಮೊದಲ ಕೆಲಸ, ಒಂದು ಗೊತ್ತಾದ ಜಾಗದಿಂದ ಎರಡು ಸಂಖ್ಯೆ ಓದುವುದು. ಒಂದು, ಲೆಕ್ಕ ಮಾಡುವಾಗ ನಡುನಡುವೆ ಬರೆದಿಟ್ಟುಕೊಳ್ಳಲು ಜಾಗ ಎಲ್ಲಿದೆ. ಇನ್ನೊಂದು, ಮೊದಲ ಸೂಚನೆ ಎಲ್ಲಿದೆ. ಒಟ್ಟು 8 ಬೈಟು. ಈ ಎರಡು ಸಂಖ್ಯೆ ತಪ್ಪಿದರೆ ಉಳಿದ ಲಕ್ಷಗಟ್ಟಲೆ ಬೈಟು ಸರಿಯಾಗಿದ್ದೂ ಪ್ರಯೋಜನವಿಲ್ಲ. ಚಿಪ್ ಎಡವಿ ನಿಲ್ಲುತ್ತದೆ.

ಮಡಿ ಮಡಿಯಾಗಿ ಅಳಿಯುವ ನೆನಪು

ಒಳಬರಹ ಇರುವುದು ಫ್ಲ್ಯಾಶ್ ಎಂಬ ನೆನಪಿನಲ್ಲಿ. ವಿದ್ಯುತ್ ಹೋದರೂ ಅಳಿಯದ, ಬೇಕೆಂದಾಗ ತಿದ್ದಬಹುದಾದ ನೆನಪು ಇದು. ಇದರ ಬುಡದಲ್ಲಿರುವ ಉಪಾಯವನ್ನು 1967ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡಾವನ್ ಕಾಂಗ್ ಮತ್ತು ಸೈಮನ್ ಝೀ ತೋರಿಸಿಕೊಟ್ಟರು. ಸುತ್ತಲೂ ವಿದ್ಯುತ್ ಹರಿಯದ ಪದರದಿಂದ ಮುಚ್ಚಿದ ಒಂದು ಪುಟ್ಟ ದ್ವೀಪ. ಅದರೊಳಕ್ಕೆ ಬಲವಂತವಾಗಿ ಎಲೆಕ್ಟ್ರಾನುಗಳನ್ನು ನುಗ್ಗಿಸಿದರೆ ಅವು ಹೊರಬರಲಾರದೆ ವರ್ಷಗಟ್ಟಲೆ ಅಲ್ಲೇ ಉಳಿಯುತ್ತವೆ. ಎಲೆಕ್ಟ್ರಾನು ಇದ್ದರೆ ಸೊನ್ನೆ, ಇಲ್ಲದಿದ್ದರೆ ಒಂದು. ಕಂಪ್ಯೂಟರಿಗೆ ಇಷ್ಟೇ ಅಕ್ಷರ ಸಾಕು.

ಒಂದೊಂದು ದ್ವೀಪವನ್ನೂ ಬೇರೆ ಬೇರೆಯಾಗಿ ಬರಿದು ಮಾಡಬೇಕೆಂದರೆ ಪ್ರತಿಯೊಂದಕ್ಕೂ ಹೆಚ್ಚಿನ ತಂತಿ, ಹೆಚ್ಚಿನ ಜಾಗ ಬೇಕು. ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕಾ 1984ರಲ್ಲಿ ಜಗತ್ತಿನ ಮುಂದಿಟ್ಟ ಪರಿಹಾರ ಸರಳ. ಬರೆಯುವಾಗ ಒಂದೊಂದಾಗಿ ಬರೆಯೋಣ. ಅಳಿಸುವಾಗ ಮಾತ್ರ ಒಂದು ಗುಂಪನ್ನೇ ಒಟ್ಟಿಗೆ ಅಳಿಸೋಣ. ನೆನಪು ಅಗ್ಗವಾಯಿತು. ನಿಮ್ಮ ಪೆನ್‌ಡ್ರೈವ್, ಫೋನು, ಕಂಟ್ರೋಲರ್ ಎಲ್ಲವೂ ಈ ಒಪ್ಪಂದದ ಮಕ್ಕಳು.

ಒಪ್ಪಂದಕ್ಕೆ ಒಂದು ಬೆಲೆ ಇತ್ತು. ಅದನ್ನು ತಿಳಿಯಲು ಮಾನ್ವಿಯ ಗದ್ದೆಗೆ ಹೋಗೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಅಲ್ಲಿ ಭತ್ತ ಬೆಳೆಯುತ್ತಾರೆ. ಗದ್ದೆ ಬದುಗಳ ನಡುವೆ ಮಡಿ ಮಡಿಯಾಗಿದೆ. ನಿಂತ ಪೈರಿನ ನಡುವೆ ಅಲ್ಲೊಂದು ಇಲ್ಲೊಂದು ಸಸಿ ಕಿತ್ತು ಬೇರೆ ತಳಿ ನೆಡಲಾಗದು. ಹೊಸ ತಳಿ ಬೇಕೆಂದರೆ ಹಳೆಯ ಪೈರು ತೆಗೆದು, ನೀರು ಬಿಟ್ಟು, ಇಡೀ ಮಡಿಯನ್ನು ಕೆಸರು ಮಾಡಿ, ಆಮೇಲೆ ಸಾಲು ಸಾಲಾಗಿ ನಾಟಿ ಮಾಡಬೇಕು. ಫ್ಲ್ಯಾಶ್ ನೆನಪೂ ಹಾಗೆಯೇ. ಅದರಲ್ಲಿ ಒಂದನ್ನು ಸೊನ್ನೆ ಮಾಡಬಹುದು. ಸೊನ್ನೆಯನ್ನು ಮತ್ತೆ ಒಂದು ಮಾಡಬೇಕಾದರೆ ಇಡೀ ಮಡಿ ಅಳಿಯಬೇಕು. ನಾರ್ಡಿಕ್ ಕಂಪನಿಯ ಎನ್‌ಆರ್‌ಎಫ್52832 ಎಂಬ ಬ್ಲೂಟೂತ್ ಚಿಪ್ ತೆಗೆದುಕೊಳ್ಳಿ. ಅದರಲ್ಲಿ 512 ಕಿಲೋಬೈಟ್ ಫ್ಲ್ಯಾಶ್ ಇದೆ. 4 ಕಿಲೋಬೈಟಿನ 128 ಮಡಿಗಳು. ಒಂದೇ ಒಂದು ಅಕ್ಷರ ತಿದ್ದಬೇಕಿದ್ದರೂ 4 ಕಿಲೋಬೈಟನ್ನು ಕೆಸರು ಮಾಡಲೇಬೇಕು.

ಈಗ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಸಿನಿಮಾ ನಿಂತರೆ ಏನೂ ಅಳಿಯುವುದಿಲ್ಲ. ಅಪ್‌ಡೇಟ್ ನಿಂತಾಗ ಹಳೆಯದು ಆಗಲೇ ಅಳಿದಿರುತ್ತದೆ, ಹೊಸದು ಇನ್ನೂ ಬಂದಿರುವುದಿಲ್ಲ.

ನೀರು ನಿಂತ ಹೊತ್ತು

ಗದ್ದೆ ಕೆಸರು ಮಾಡಿ ಅರ್ಧ ನಾಟಿಯಾದ ಮೇಲೆ ಕಾಲುವೆಯಲ್ಲಿ ನೀರು ನಿಂತರೆ ಏನಾಗುತ್ತದೆಂದು ಕೊನೆ ಭಾಗದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಅದರ ಸಂಕಟ ಅವರದು; ಅದಕ್ಕೂ ಆಟದ ಸಾಮಾನಿಗೂ ತೂಕದಲ್ಲಿ ಸಾಟಿಯಿಲ್ಲ. ಆದರೆ ನಡೆಯುವ ಕ್ರಮ ಒಂದೇ.

ಚಿಪ್‌ಗೆ ನೀರು ಎಂದರೆ ವಿದ್ಯುತ್ತು. ದ್ವೀಪದೊಳಗಿನ ಎಲೆಕ್ಟ್ರಾನುಗಳನ್ನು ಹೊರಗೆಳೆಯಲು ಬ್ಯಾಟರಿ ಕೊಡುವ ಮೂರು-ನಾಲ್ಕು ವೋಲ್ಟು ಸಾಲದು. ಚಿಪ್ ತನ್ನೊಳಗೇ ಒಂದು ಪುಟ್ಟ ಏತದಂಥ ಸರ್ಕ್ಯೂಟಿನಿಂದ ಅದನ್ನು ಹಲವು ಪಟ್ಟು ಏರಿಸಿಕೊಳ್ಳುತ್ತದೆ. ಬ್ಯಾಟರಿ ಕುಗ್ಗಿದ್ದರೆ ಏರಿಕೆ ಪೂರ್ತಿಯಾಗುವುದಿಲ್ಲ. ಅಳಿಸಿದಂತೆ ಕಂಡರೂ ಕೆಲವು ದ್ವೀಪಗಳಲ್ಲಿ ಎಲೆಕ್ಟ್ರಾನು ಉಳಿದುಬಿಡುತ್ತದೆ. ಇವತ್ತು ಒಂದು ಎಂದು ಓದಿಸಿಕೊಂಡದ್ದು ನಾಳೆ ಸೊನ್ನೆ ಎಂದು ಓದಿಸಿಕೊಳ್ಳಬಹುದು. ಅಪ್‌ಡೇಟ್‌ಗೆ ಮೊದಲು ಬ್ಯಾಟರಿ ತುಂಬಿಸಿ ಎಂದು ಹೇಳುವುದು ಇದಕ್ಕೇ.

ಇನ್ನೊಂದು ಅಪಾಯ ಗಾಳಿಯಲ್ಲಿದೆ. ಬ್ಲೂಟೂತ್ ಲೋ ಎನರ್ಜಿ ವಿಧಾನದಲ್ಲಿ ಬೇರೆ ಏರ್ಪಾಡು ಮಾಡಿಕೊಳ್ಳದಿದ್ದರೆ ಒಂದು ಕಂತಿನಲ್ಲಿ ಹೋಗುವುದು 20 ಬೈಟು ಮಾತ್ರ. ಎರಡು ಲಕ್ಷ ಬೈಟಿನ ಒಳಬರಹ ಕಳಿಸಲು 10,000 ಕಂತು ಬೇಕು. ಅದೇ 2.4 ಗಿಗಾಹರ್ಟ್ಸ್‌ನಲ್ಲಿ ಮನೆಯ ವೈ-ಫೈ, ಪಕ್ಕದ ಮನೆಯ ವೈ-ಫೈ, ಅಡುಗೆಮನೆಯ ಮೈಕ್ರೋವೇವ್ ಎಲ್ಲವೂ ಗದ್ದಲ ಹಾಕುತ್ತಿರುತ್ತವೆ. ಒಂದು ಕಂತು ಕಳೆದರೆ ಮತ್ತೆ ಕಳಿಸುತ್ತಾರೆ, ತೊಂದರೆಯಿಲ್ಲ. ಸಂಪರ್ಕವೇ ಕಡಿದರೆ ಕಷ್ಟ. ಕೇಬಲ್ ಹಾಕಿ ಮಾಡಿದರೂ ಕಂಪ್ಯೂಟರಿಗೆ ಕರೆಂಟ್ ಹೋಗಬಾರದು. ಶಕ್ತಿನಗರದಲ್ಲಿ 1,720 ಮೆಗಾವಾಟ್, ಯರಮರಸ್‌ನಲ್ಲಿ 1,600 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರಗಳನ್ನು ಮಡಿಲಲ್ಲಿಟ್ಟುಕೊಂಡ ಜಿಲ್ಲೆ ರಾಯಚೂರು. ಆದರೂ ಲೈನಿನ ತೊಂದರೆಯಿಂದ ಹಳ್ಳಿಗಳಲ್ಲಿ ಕರೆಂಟ್ ಹೋಗುವುದು ಹೋಗುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗಿಂತ ಬ್ಯಾಟರಿ ಇರುವ ಲ್ಯಾಪ್‌ಟಾಪಿನಿಂದ ಈ ಕೆಲಸ ಮಾಡುವುದು ಮೇಲು.

ಬದುವಿನ ಮೇಲೆ ನಿಂತವನು

ಇಷ್ಟು ಓದಿದವರಿಗೆ ಒಂದು ಸಂದೇಹ ಬರಬೇಕು. ಫ್ಲ್ಯಾಶನ್ನು ಅಳಿಸಿ ಬರೆಯುವವರು ಯಾರು? ಹೊರಗಿನಿಂದ ಕಂಪ್ಯೂಟರ್ ಕೈಹಾಕಿ ಬರೆಯುವುದಿಲ್ಲ. ಅದು ಕಂತು ಕಂತಾಗಿ ಕಳಿಸುತ್ತದೆ ಅಷ್ಟೆ. ಬರೆಯುವುದು ಅದೇ ಚಿಪ್, ತನ್ನೊಳಗಿನ ಸೂಚನೆ ಪಾಲಿಸುತ್ತ. ಆ ಸೂಚನೆಯೂ ಫ್ಲ್ಯಾಶಿನಲ್ಲೇ ಇದ್ದರೆ? ತಾನು ನಿಂತ ಮಡಿಯನ್ನೇ ತಾನು ಕೆಸರು ಮಾಡಿದಂತಾಗುತ್ತದೆ. ನಾಟಿ ಮಾಡುವವನು ಬದುವಿನ ಮೇಲೆ ನಿಂತಿರಬೇಕು.

ಚಿಪ್ ಅಥವಾ ಸಾಧನ ಮಾಡುವವರು ಇದನ್ನು ಮೊದಲೇ ಯೋಚಿಸಿದ್ದಾರೆ. ಮುಖ್ಯ ಒಳಬರಹಕ್ಕಿಂತ ಬೇರೆಯಾಗಿ, ಅಪ್‌ಡೇಟ್ ಸಾಮಾನ್ಯವಾಗಿ ಮುಟ್ಟದ ಜಾಗದಲ್ಲಿ ಒಂದು ಪುಟ್ಟ ಬರಹ ಇಡುತ್ತಾರೆ. ಬೂಟ್‌ಲೋಡರ್ ಎಂಬ ಹೆಸರಿನ ಇದನ್ನು ಎಬ್ಬಿಸುವ ಬರಹ ಎಂದು ಕರೆಯೋಣ. ಆಟ, ಕಡ್ಡಿ, ಬಟನ್ ಇದಾವುದೂ ಅದಕ್ಕೆ ತಿಳಿಯದು. ಅದಕ್ಕೆ ತಿಳಿದದ್ದು ಕೆಲವೇ ಕೆಲಸ: ಚಿಪ್‌ಗೆ ವಿದ್ಯುತ್ ಬಂದಾಗ ಎಲ್ಲರಿಗಿಂತ ಮೊದಲು ಏಳುವುದು, ಮುಖ್ಯ ಒಳಬರಹ ಸರಿಯಿದೆಯೇ ಎಂದು ನೋಡುವುದು, ಸರಿಯಿದ್ದರೆ ಅದರ ಕೈಗೆ ಚಿಪ್ ಒಪ್ಪಿಸಿ ಸುಮ್ಮನಾಗುವುದು, ಸರಿಯಿಲ್ಲದಿದ್ದರೆ ಹೊಸದು ಬರುವವರೆಗೆ ಕಾಯುವುದು.

ಕೆಲವು ಚಿಪ್‌ಗಳಲ್ಲಿ ಇದು ಕಾರ್ಖಾನೆಯಲ್ಲೇ ಸಿಲಿಕಾನಿನಲ್ಲಿ ಅಚ್ಚಾಗಿರುತ್ತದೆ, ಯಾರಿಂದಲೂ ಅಳಿಸಲಾಗದು. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಸಂಸ್ಥೆಯ ಆರ್‌ಪಿ2040 ಚಿಪ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ 16 ಕಿಲೋಬೈಟಿನ ಅಚ್ಚುಬರಹವಿದೆ. ಬೂಟ್‌ಸೆಲ್ ಎಂಬ ಬಟನ್ ಒತ್ತಿ ಹಿಡಿದು ಕಂಪ್ಯೂಟರಿಗೆ ಜೋಡಿಸಿದರೆ ಅದು ಪೆನ್‌ಡ್ರೈವ್‌ನಂತೆ ಕಾಣಿಸಿಕೊಳ್ಳುತ್ತದೆ; ಹೊಸ ಒಳಬರಹದ ಫೈಲನ್ನು ಎಳೆದು ಹಾಕಿದರೆ ಮುಗಿಯಿತು. ಈ ಚಿಪ್ ಇರುವ ಪಿಕೊ ಬೋರ್ಡ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದರಿಂದ ಸ್ವಂತ ಕಂಟ್ರೋಲರ್ ಕಟ್ಟುವ ಹುಡುಗರೂ ಇದ್ದಾರೆ. ಎಸ್‌ಟಿಎಂ32 ಜಾತಿಯ ಚಿಪ್‌ಗಳಲ್ಲೂ ಕಾರ್ಖಾನೆಯ ಬರಹವಿರುತ್ತದೆ. ನಾರ್ಡಿಕ್ ಎನ್‌ಆರ್‌ಎಫ್52ರಲ್ಲಿ ಹಾಗಿಲ್ಲ. ಅಲ್ಲಿ ಕಂಟ್ರೋಲರ್ ಮಾಡಿದ ಕಂಪನಿಯೇ ಫ್ಲ್ಯಾಶಿನ ಒಂದು ಮೂಲೆಯಲ್ಲಿ ಎಬ್ಬಿಸುವ ಬರಹ ಇಟ್ಟು, ಆ ಮಡಿಗಳಿಗೆ ಕಾವಲು ಹಾಕುತ್ತದೆ. ಕಾವಲು ಗಟ್ಟಿಯಾಗಿದ್ದರೆ ಕಂಟ್ರೋಲರಿಗೆ ಆಯುಸ್ಸು ಹೆಚ್ಚು.

ಮುಖ್ಯ ಒಳಬರಹ ಸರಿಯಿದೆ ಎಂದು ಅದಕ್ಕೆ ಹೇಗೆ ಗೊತ್ತು? ಶಾಲೆಯ ಭಾಗಾಕಾರದಿಂದ. ಇಡೀ ಫೈಲನ್ನು ಒಂದು ಭಾರೀ ಸಂಖ್ಯೆ ಎಂದುಕೊಂಡು ಗೊತ್ತಾದ ಒಂದು ಸಂಖ್ಯೆಯಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. 4827ನ್ನು 97ರಿಂದ ಭಾಗಿಸಿ, ಶೇಷ 74. ಒಂದೇ ಅಂಕಿ ತಪ್ಪಿ 4837 ಆದರೆ ಶೇಷ 84. ಕಂಪನಿ ಫೈಲಿನ ಜೊತೆ ಸರಿಯಾದ ಶೇಷವನ್ನೂ ಕಳಿಸುತ್ತದೆ. ಚಿಪ್ ತಾನೇ ಭಾಗಿಸಿ ನೋಡಿ, ಶೇಷ ಹೊಂದದಿದ್ದರೆ ಆ ಬರಹವನ್ನು ಏಳಲು ಬಿಡುವುದಿಲ್ಲ. ಸಿಆರ್‌ಸಿ ಎಂಬ ಈ ವಿಧಾನವನ್ನು ಡಬ್ಲ್ಯು. ವೆಸ್ಲಿ ಪೀಟರ್ಸನ್ 1961ರಲ್ಲಿ ಕೊಟ್ಟರು. ನಿಜವಾದ ಸಿಆರ್‌ಸಿಯ ಭಾಗಾಕಾರದ ನಿಯಮ ಸ್ವಲ್ಪ ಬೇರೆ, ಆದರೆ ತಿರುಳು ಇದೇ. 32 ಬಿಟ್‌ನ ಶೇಷ ಬಳಸಿದರೆ ಎಲ್ಲೆಂದರಲ್ಲಿ ಕೆಟ್ಟ ಫೈಲೊಂದು ಆಕಸ್ಮಿಕವಾಗಿ ನುಸುಳುವ ಸಾಧ್ಯತೆ ಸುಮಾರು 430 ಕೋಟಿಯಲ್ಲಿ ಒಂದು.

ಹಾಗಾದರೆ ದೀಪ ಹತ್ತದ, ಹೆಸರು ತೋರದ ಕಂಟ್ರೋಲರಿನೊಳಗೆ ಏನು ನಡೆಯುತ್ತಿದೆ? ಎಬ್ಬಿಸುವ ಬರಹ ಎದ್ದಿದೆ. ಶೇಷ ನೋಡಿದೆ, ಹೊಂದಿಲ್ಲ. ಹೊಸ ಫೈಲಿಗಾಗಿ ಕಾಯುತ್ತಿದೆ. ದೀಪ ಹತ್ತಿಸುವುದು ಅದಕ್ಕೆ ಗೊತ್ತಿಲ್ಲ, ಅಷ್ಟೇ.

ಇದಕ್ಕಿಂತ ಒಳ್ಳೆಯ ಏರ್ಪಾಡೂ ಇದೆ. ಫ್ಲ್ಯಾಶನ್ನು ಎರಡು ಪಾಲು ಮಾಡಿ, ಹಳೆಯ ಒಳಬರಹ ಒಂದು ಪಾಲಿನಲ್ಲಿ ಓಡುತ್ತಿರುವಾಗಲೇ ಹೊಸದನ್ನು ಇನ್ನೊಂದರಲ್ಲಿ ಬರೆದು, ಶೇಷ ಸರಿಬಂದ ಮೇಲೆ ಮಾತ್ರ ಅತ್ತ ದಾಟುವುದು. ನಡುವೆ ಏನೇ ಕೆಟ್ಟರೂ ಹಳೆಯದು ಕೈಯಲ್ಲಿದೆ. ಹಲವು ಫೋನುಗಳು ಹೀಗೆ ಮಾಡುತ್ತವೆ. ಕಂಟ್ರೋಲರ್‌ಗಳಲ್ಲಿ ಇದು ಅಪರೂಪ, ಏಕೆಂದರೆ ಎರಡು ಪಟ್ಟು ಫ್ಲ್ಯಾಶ್ ಬೇಕು. ಉಳಿಯುವ ಹಣ ಎಷ್ಟು ಚಿಲ್ಲರೆ, ಆಗುವ ನಷ್ಟ ಎಷ್ಟು ದೊಡ್ಡದು ಎಂದು ನೋಡಿದರೆ ಇದು ತಪ್ಪು ಉಳಿತಾಯ ಎಂದೇ ನನ್ನ ತೀರ್ಮಾನ.

ಮಂಗಳದಲ್ಲೂ ಇದೇ

2004ರ ಜನವರಿಯಲ್ಲಿ ಮಂಗಳದ ಮೇಲೆ ಇಳಿದ ನಾಸಾದ ಸ್ಪಿರಿಟ್ ಬಂಡಿ ಮೂರು ವಾರದೊಳಗೆ ಮಾತು ನಿಲ್ಲಿಸಿತು. ಅದರ ಫ್ಲ್ಯಾಶಿನಲ್ಲಿ ಕಡತಗಳು ತೀರಾ ಹೆಚ್ಚಾಗಿ, ಅವುಗಳ ಪಟ್ಟಿ ಹಿಡಿಯಲು ಕಂಪ್ಯೂಟರಿಗೆ ಜಾಗ ಸಾಲದೆ, ಏಳುವುದು, ಬೀಳುವುದು, ಮತ್ತೆ ಏಳುವುದು ನಡೆದಿತ್ತು. ರಾತ್ರಿ ಮಲಗಬೇಕಾದ ಬಂಡಿ ಮಲಗದೆ ಬ್ಯಾಟರಿ ಕರಗಿಸುತ್ತಿತ್ತು. ಎಂಜಿನಿಯರುಗಳ ಪುಣ್ಯಕ್ಕೆ ಅದರಲ್ಲಿ ಒಂದು ಬಾಗಿಲು ಬಿಟ್ಟಿದ್ದರು: ಫ್ಲ್ಯಾಶನ್ನು ಮುಟ್ಟದೆ ಏಳು ಎಂಬ ಆಜ್ಞೆ. ಅದನ್ನು ಕಳಿಸಿದರು, ಬಂಡಿ ಎದ್ದಿತು, ಬೇಡದ ಕಡತ ಅಳಿಸಿದರು. 90 ದಿನದ ಕೆಲಸಕ್ಕೆಂದು ಕಳಿಸಿದ ಬಂಡಿ 2010ರ ಮಾರ್ಚ್‌ವರೆಗೆ ಭೂಮಿಯೊಂದಿಗೆ ಮಾತಾಡಿತು.

ವಾಯೇಜರ್ 1 ಎಂಬ ಬಾಹ್ಯಾಕಾಶ ನೌಕೆಯ ಕಥೆ ಇನ್ನೂ ದೂರದ್ದು. 2023ರ ನವೆಂಬರ್‌ನಲ್ಲಿ ಅದರ ಒಂದು ನೆನಪಿನ ಚಿಪ್ ಕೆಟ್ಟು ಅರ್ಥವಿಲ್ಲದ ಸಂಕೇತ ಕಳಿಸತೊಡಗಿತು. ಆಗ ಅದು 2,400 ಕೋಟಿ ಕಿಲೋಮೀಟರ್ ಆಚೆ ಇತ್ತು. ಒಂದು ಆಜ್ಞೆ ತಲುಪಲು 22 ಗಂಟೆಗೂ ಹೆಚ್ಚು. ಕೆಟ್ಟ ಜಾಗದಲ್ಲಿದ್ದ ಬರಹವನ್ನು ಹಿಡಿಸುವಷ್ಟು ದೊಡ್ಡ ಖಾಲಿ ಜಾಗ ಬೇರೆಲ್ಲೂ ಇರಲಿಲ್ಲ. ತುಂಡು ಮಾಡಿ ಅಲ್ಲಲ್ಲಿ ಇಟ್ಟು ಮತ್ತೆ ಹೊಂದಿಸಿದರು. 2024ರ ಏಪ್ರಿಲ್ 20ರಂದು ಓದಬಲ್ಲ ಮಾಹಿತಿ ಬಂತು. ಎರಡೂ ಕಡೆ ಕೆಡದೆ ಉಳಿದಿದ್ದ ಸಣ್ಣ ಭಾಗವೊಂದು ಆಜ್ಞೆ ಕೇಳಿಸಿಕೊಳ್ಳುತ್ತಿತ್ತು ಎಂಬುದು ಮುಖ್ಯ.

ಮನೆಯಲ್ಲಿ ಮಾಡುವ ಕೆಲಸ

ಮೊದಲು ಕಂಟ್ರೋಲರ್ ನಿಜಕ್ಕೂ ಒಳಬರಹ ಕೆಟ್ಟೇ ನಿಂತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಬರೀ ಬ್ಲೂಟೂತ್ ಜೋಡಣೆ ಮರೆತಿರಬಹುದು. ಸೋನಿಯ ಕಂಟ್ರೋಲರ್‌ಗಳ ಹಿಂಬದಿಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದೆ. ಅದರೊಳಗಿನ ಬಟನ್ ಒತ್ತಿದರೆ ಹಳೆಯ ಜೋಡಣೆ ಅಳಿಯುತ್ತದೆ. ಅದರಿಂದ ಒಳಬರಹ ಸರಿಹೋಗುವುದಿಲ್ಲ, ಎರಡನ್ನೂ ಬೆರೆಸಬಾರದು. ಇಲ್ಲವೇ ಚಿಪ್ ಎಲ್ಲೋ ಸಿಕ್ಕಿಹಾಕಿಕೊಂಡು ನಿಂತಿರಬಹುದು. ಬ್ಯಾಟರಿ ಒಳಗೇ ಇರುವ ಕಂಟ್ರೋಲರಿಗೆ ಅದು ಖಾಲಿಯಾಗುವವರೆಗೆ ವಿದ್ಯುತ್ ಪೂರ್ತಿ ಹೋಗುವುದಿಲ್ಲ, ಆದ್ದರಿಂದ ಆ ಸ್ಥಿತಿಯಿಂದ ತಾನಾಗಿ ಹೊರಬರುವುದಿಲ್ಲ. ಕೆಲವು ದಿನ ಬಿಟ್ಟು ಬ್ಯಾಟರಿ ಖಾಲಿಯಾದ ಮೇಲೆ ಚಾರ್ಜ್‌ಗೆ ಹಾಕಿದರೆ ಎಷ್ಟೋ ಸಲ ತಾನೇ ಎದ್ದಿರುತ್ತದೆ.

ಎರಡನೆಯದು ಕೇಬಲ್. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಸಾಮಾನ್ಯ ಯುಎಸ್‌ಬಿ ಕೇಬಲ್ಲಿನೊಳಗೆ ನಾಲ್ಕು ತಂತಿ ಬೇಕು: ಎರಡು ವಿದ್ಯುತ್ತಿಗೆ, ಎರಡು ಮಾತಿಗೆ. ಅಗ್ಗದ ಎಷ್ಟೋ ಚಾರ್ಜಿಂಗ್ ಕೇಬಲ್ಲುಗಳಲ್ಲಿ ಮಾತಿನ ತಂತಿಗಳೇ ಇರುವುದಿಲ್ಲ. ಅದನ್ನು ಚುಚ್ಚಿ, ಕಂಪ್ಯೂಟರಿನಲ್ಲಿ ಏನೂ ಕಾಣಲಿಲ್ಲವೆಂದು ಒಳ್ಳೆಯ ಕಂಟ್ರೋಲರನ್ನು ಸತ್ತದ್ದೆಂದು ತೀರ್ಮಾನಿಸಬೇಡಿ. ಅದೇ ಕೇಬಲ್ಲಿನಲ್ಲಿ ನಿಮ್ಮ ಫೋನಿನ ಫೋಟೊ ಕಂಪ್ಯೂಟರಿಗೆ ಬರುತ್ತದೆಯೇ ನೋಡಿ. ಬಂದರೆ ಕೇಬಲ್ ಸರಿ.

ಆಮೇಲೆ ಕಾಯುವ ಸ್ಥಿತಿಗೆ ತರುವುದು. ಪ್ರತಿ ಕಂಪನಿಗೂ ಒಂದೊಂದು ಬಟನ್ ಕೂಟವಿದೆ. ಚೀನಾದ 8ಬಿಟ್‌ಡೊ ಕಂಪನಿಯ ಎಸ್‌ಎನ್30 ಪ್ರೊ ಕಂಟ್ರೋಲರಿನಲ್ಲಿ ಎಲ್1, ಆರ್1, ಸ್ಟಾರ್ಟ್ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು. ಆ ಬಟನ್‌ಗಳನ್ನು ಓದುವುದು ಮುಖ್ಯ ಒಳಬರಹ ಅಲ್ಲ, ಎಬ್ಬಿಸುವ ಬರಹ. ಏಳುವಾಗ ಅದು ಒಂದು ಕ್ಷಣ ಈ ಬಟನ್‌ಗಳತ್ತ ನೋಡುತ್ತದೆ. ಅದಕ್ಕೇ ಮೊದಲು ಬಟನ್ ಹಿಡಿದು ಆಮೇಲೆ ಕೇಬಲ್ ಚುಚ್ಚುವ ಕ್ರಮ ಹಲವು ಸಾಧನಗಳಲ್ಲಿದೆ. ಕೇಬಲ್ ಮೊದಲು ಚುಚ್ಚಿದರೆ ಆ ಕ್ಷಣ ಕಳೆದುಹೋಗಿರುತ್ತದೆ.

ಈಗ ಕಂಪ್ಯೂಟರಿನಲ್ಲಿ ಸಾಧನಗಳ ಪಟ್ಟಿ ತೆರೆಯಿರಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್. ಕಂಟ್ರೋಲರಿನ ಮಾಮೂಲಿ ಹೆಸರಿನ ಬದಲು ಏನೋ ಹೊಸ ಹೆಸರು ಕಂಡರೆ, ಉದಾಹರಣೆಗೆ ಎಸ್‌ಟಿಎಂ32 ಚಿಪ್‌ನ ಕಾರ್ಖಾನೆಯ ಬರಹ ತನ್ನನ್ನು 0483, ಡಿಎಫ್11 ಎಂಬ ಗುರುತಿನಿಂದ ಪರಿಚಯಿಸಿಕೊಳ್ಳುತ್ತದೆ, ಹಾಗೇನಾದರೂ ಕಂಡರೆ ಸಂತೋಷಪಡಿ. ಚಿಪ್ ಜೀವಂತವಿದೆ. ಕಂಪನಿಯ ಸ್ವಂತ ಜಾಲತಾಣದಿಂದ, ನಿಮ್ಮದೇ ಮಾದರಿಯ ಫೈಲು ತೆಗೆದುಕೊಂಡು ಅವರದೇ ಸಾಧನದಿಂದ ಬರೆಯಿರಿ. ಮಾದರಿ ಸಂಖ್ಯೆ ಒಂದಕ್ಷರ ಬೇರೆಯಿದ್ದರೂ ಬೇಡ. ಹೊರಗೆ ಒಂದೇ ತರಹ ಕಾಣುವ ಎರಡು ಕಂಟ್ರೋಲರಿನೊಳಗೆ ಬೇರೆ ಬೇರೆ ಚಿಪ್ ಇರುವುದು ಸಾಮಾನ್ಯ. ಯಾರೋ ಅಪರಿಚಿತರು ಕಳಿಸಿದ ಫೈಲೂ ಬೇಡ.

ಮುಚ್ಚಳ ತೆಗೆಯಬೇಕಾದಾಗ

ಯಾವ ಬಟನ್ ಕೂಟಕ್ಕೂ ಜಗ್ಗದಿದ್ದರೆ ಎಬ್ಬಿಸುವ ಬರಹವೇ ಕೆಟ್ಟಿರಬಹುದು. ಬೋರ್ಡಿನ ಮೇಲೆ ಪುಟ್ಟ ಬಂಗಾರ ಬಣ್ಣದ ಚುಕ್ಕೆಗಳಿರುತ್ತವೆ. ಕಾರ್ಖಾನೆಯಲ್ಲಿ ಮೊದಲ ಬಾರಿ ಒಳಬರಹ ತುಂಬಿದ್ದು ಅಲ್ಲಿಂದಲೇ. ಎಸ್‌ಡಬ್ಲ್ಯುಡಿ ಎಂಬ ಎರಡು ತಂತಿಯ ಈ ದಾರಿ ಯಾವ ಬರಹದ ನೆರವೂ ಇಲ್ಲದೆ ನೇರವಾಗಿ ಚಿಪ್‌ನ ಯಂತ್ರಕ್ಕೇ ತಲುಪುತ್ತದೆ. ಇದಕ್ಕೆ ಬೇಕಾದ ಜೋಡಣೆಯ ಸಾಧನ ದುಬಾರಿಯಲ್ಲ. ರಾಯಚೂರಿನಲ್ಲಿ ಐಐಐಟಿ ಇದೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ಈ ವಿಷಯ ಕಲಿಯುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗದು.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ಈ ದಾರಿಯಲ್ಲಿ ಎಲ್ಲ ಮಡಿಗಳನ್ನೂ ಒಮ್ಮೆಲೇ ಅಳಿಸಿಬಿಡುವುದು ಸುಲಭ. ಒಂದು ಮಡಿಯಲ್ಲಿ ಆ ಕಂಟ್ರೋಲರಿಗೇ ಸೇರಿದ, ಬೇರಾವುದಕ್ಕೂ ಹೊಂದದ ಅಳತೆಗಳಿರುತ್ತವೆ: ಕಡ್ಡಿ ನಡುವೆ ನಿಂತಾಗ ಎಷ್ಟು, ಅಂಚಿಗೆ ಹೋದಾಗ ಎಷ್ಟು. ನಿಂಟೆಂಡೊದ ಜಾಯ್-ಕಾನ್‌ನಲ್ಲಿ ಕಾರ್ಖಾನೆಯ ಅಳತೆ ಹೀಗೆ ಪ್ರತ್ಯೇಕವಾಗಿ ಬರೆದಿಟ್ಟಿರುತ್ತದೆ. ಅದನ್ನು ಕಳೆದುಕೊಂಡರೆ ಕಂಟ್ರೋಲರ್ ಏಳುತ್ತದೆ, ಆದರೆ ಕೈಬಿಟ್ಟರೂ ಆಟದ ಬೊಂಬೆ ಒಂದು ಕಡೆಗೆ ಸರಿಯುತ್ತಲೇ ಇರುತ್ತದೆ. ಅಳಿಸುವ ಮೊದಲು ಓದಿ ಉಳಿಸಿಕೊಳ್ಳಲು ಆಗುತ್ತದೆಯೇ ನೋಡಬೇಕು. ಹಲವು ಕಂಪನಿಗಳು ಓದಲು ಬಿಡುವುದಿಲ್ಲ.

ತೀರಾ ಅಗ್ಗದ ಕೆಲವು ಕಂಟ್ರೋಲರ್‌ಗಳಲ್ಲಿ ಒಂದೇ ಸಲ ಬರೆಯಬಹುದಾದ ಚಿಪ್ ಇರುತ್ತದೆ. ಅದಕ್ಕೆ ಅಪ್‌ಡೇಟ್ ಇಲ್ಲ, ಅಪ್‌ಡೇಟ್‌ನಿಂದ ಕೆಡುವುದೂ ಇಲ್ಲ. ಅದು ನಿಂತರೆ ಕಾರಣ ಬೇರೆ.

ಸಹಿ ಯಾರದು

ಇಷ್ಟೆಲ್ಲ ತಿಳಿದ ಮೇಲೂ ಒಂದು ಬಾಗಿಲು ನಮ್ಮ ಕೈಯಲ್ಲಿಲ್ಲ. ಶೇಷ ಸರಿಯಿದ್ದರೆ ಸಾಲದು, ಫೈಲಿನ ಮೇಲೆ ಕಂಪನಿಯ ಗುಪ್ತಲಿಪಿಯ ಸಹಿಯೂ ಇರಬೇಕು ಎಂದು ಇಂದಿನ ಹಲವು ಎಬ್ಬಿಸುವ ಬರಹಗಳು ಕೇಳುತ್ತವೆ. ಇದಕ್ಕೆ ಒಳ್ಳೆಯ ಕಾರಣವಿದೆ: ಕೇಡಿಗರು ತಮ್ಮ ಬರಹ ತುರುಕಬಾರದು. ಆದರೆ ಸಹಿ ಹಾಕಿದ ಫೈಲನ್ನು ಕಂಪನಿ ಕೊಡದೆ ಹೋದರೆ ಎಬ್ಬಿಸುವ ಬರಹ ಕಾಯುತ್ತಲೇ ಇರುತ್ತದೆ.

ಗೂಗಲ್‌ನ ಸ್ಟೇಡಿಯಾ ಆಟದ ಸೇವೆ 2023ರ ಜನವರಿ 18ರಂದು ಮುಚ್ಚಿತು. ಅದರ ಕಂಟ್ರೋಲರ್ ವೈ-ಫೈ ಮೂಲಕ ನೇರವಾಗಿ ಗೂಗಲ್‌ನ ಸರ್ವರಿಗೆ ಮಾತಾಡುತ್ತಿತ್ತು. ಒಳಗೆ ಬ್ಲೂಟೂತ್ ಇದ್ದರೂ ಆಟಕ್ಕೆ ಅದನ್ನು ತೆರೆದಿರಲಿಲ್ಲ. ಸೇವೆ ಮುಚ್ಚುವಾಗ ಕಂಪನಿ ಹೊಸ ಒಳಬರಹ ಕೊಟ್ಟಿತು. ಬಟನ್ ಹಿಡಿದು ಕೇಬಲ್ ಚುಚ್ಚಿ ಅದನ್ನು ಬರೆದವರಿಗೆ ಸಾಮಾನ್ಯ ಬ್ಲೂಟೂತ್ ಕಂಟ್ರೋಲರ್ ಸಿಕ್ಕಿತು. ಆ ಸೌಲಭ್ಯಕ್ಕೆ ಮೊದಲು 2023ರ ಕೊನೆಯವರೆಗೆ ಗಡುವಿತ್ತು, ಆಮೇಲೆ ವಿಸ್ತರಿಸಿದರು. ಗೂಗಲ್ ಮಾಡಿದ್ದು ಸರಿಯಾದ ಕೆಲಸ. ಗಡುವು ಇಡುವ ಅಗತ್ಯವೇ ಇರಲಿಲ್ಲ ಎಂಬುದೂ ಅಷ್ಟೇ ಸರಿ.

ಕಂಟ್ರೋಲರಿನ ಮಾತು ಹೀಗೆ ಬೆಳೆಸಲು ಕಾರಣವಿದೆ. ಹೊಲದಲ್ಲಿ ಪಂಪ್‌ಸೆಟ್ಟನ್ನು ಫೋನಿನಿಂದ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್, ಔಷಧಿ ಸಿಂಪಡಿಸುವ ಡ್ರೋನು, ಅದರ ರಿಮೋಟು, ಎಲ್ಲದರೊಳಗೂ ಇಂಥದೇ ಚಿಪ್, ಇಂಥದೇ ಎಬ್ಬಿಸುವ ಬರಹ. ದೇವದುರ್ಗದ ರೈತನ ಸ್ಟಾರ್ಟರ್ ಅಪ್‌ಡೇಟ್‌ನ ನಡುವೆ ನಿಂತರೆ ಅದರ ಫೈಲು ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಆಟದ್ದಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಅದಕ್ಕಾಗಿ ಒಂದು ಜಾಲತಾಣವೂ ಶುರುವಾಯಿತು. ಆಯ್ದುಕೊಂಡ ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಇದೆ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ಕೂಡ ಇದೆ. ಒಳಬರಹದ ಫೈಲು ಮತ್ತು ಅದನ್ನು ಮತ್ತೆ ಬರೆಯುವ ವಿಧಾನ ಕೂಡ ಬಿಡಿಭಾಗವೇ ಎಂದು ಅಲ್ಲಿ ಸ್ಪಷ್ಟವಾಗಿ ಸೇರಬೇಕು.

ಕಂಟ್ರೋಲರ್ ಕೊಳ್ಳುವ ಮೊದಲು ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ಒಳಬರಹ ಬಹಿರಂಗವಾಗಿ ಸಿಗುತ್ತದೆಯೇ, ಕೆಟ್ಟರೆ ಮತ್ತೆ ಬರೆಯುವ ಕ್ರಮ ಕೊಟ್ಟಿದ್ದಾರೆಯೇ ನೋಡಿ. ಸಿಕ್ಕರೆ ಆ ಫೈಲನ್ನು ಇಂದೇ ಇಳಿಸಿ ಇಟ್ಟುಕೊಳ್ಳಿ. ಹಣ ಕೊಟ್ಟು ಕೊಂಡ ವಸ್ತುವಿಗೆ ಕಂಪನಿ ಫೈಲು ಕೊಡಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲೂ ದೂರು ಹೇಳಬಹುದು.